ಅಂಕ ಬಂತು, ಇಂಗ್ಲಿಷ್ ಬರಲಿಲ್ಲ

ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಶಿಕ್ಷಣದ ವಿಷಯ ಬಂದಾಗಲೆಲ್ಲ ತಂದೆ ತಾಯಂದಿರು ಕೇಳುವ ಪ್ರಶ್ನೆ ಒಂದಿದೆ. "ಮಗಳಿಗೆ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬಂದಿದೆ. ಆದರೆ ನಾಲ್ಕು ಸಾಲಿನ ರಜೆ ಅರ್ಜಿ ಬರೆಯಮ್ಮ ಎಂದರೆ ಪೆನ್ನು ಕಚ್ಚಿಕೊಂಡು ಕೂರುತ್ತಾಳೆ. ಇದು ಹೇಗೆ ಸ್ವಾಮಿ?" ದೊಡ್ಡಬಳ್ಳಾಪುರದ ಮಗ್ಗದ ಮನೆಯವರು ಕೇಳಲಿ, ಹೊಸಕೋಟೆಯ ತರಕಾರಿ ಬೆಳೆಗಾರರು ಕೇಳಲಿ, ಪ್ರಶ್ನೆ ಅದೇ.

ಈ ಪ್ರಶ್ನೆಯ ಬಿಸಿ ನನಗೂ ಗೊತ್ತು. ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಮೇಷ್ಟ್ರು ಭೌತಶಾಸ್ತ್ರದ ಪಾಠದಲ್ಲಿ 'ವೆಲಾಸಿಟಿ' ಎಂದಾಗ, ಅದು ನನಗೆ ಚೆನ್ನಾಗಿ ತಿಳಿದಿದ್ದ 'ವೇಗ'ವೇ ಎಂದು ಹೊಳೆಯಲು ಒಂದು ವಾರ ಬೇಕಾಯಿತು. ವಿಷಯ ಗೊತ್ತಿತ್ತು, ಬಾಯಿ ಬರಲಿಲ್ಲ. ನನ್ನ ಜೊತೆ ಸೇರಿದ್ದ ಹಳ್ಳಿಯ ಹುಡುಗರಲ್ಲಿ ಕೆಲವರು ದಸರೆಯ ಹೊತ್ತಿಗೆ ವಿಜ್ಞಾನವನ್ನೇ ಬಿಟ್ಟರು. ಅವರು ದಡ್ಡರಾಗಿರಲಿಲ್ಲ. ಆರು ವರ್ಷ ಅವರು ಕಲಿತದ್ದು ಇಂಗ್ಲಿಷನ್ನಲ್ಲ, ಇಂಗ್ಲಿಷ್ ಪ್ರಶ್ನೆಗಳ ಉತ್ತರಗಳನ್ನು.

ಆಗ ಇಂಗ್ಲಿಷ್ ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಅದು ಒಂದು ವಿಷಯವಾಗಿದೆ. ವರ್ಷಗಳು ಹೆಚ್ಚಾದವು ನಿಜ. ಆದರೆ ಎಷ್ಟು ವರ್ಷ ಕಲಿಸುತ್ತೇವೆ ಎಂಬುದಕ್ಕಿಂತ ಹೇಗೆ ಕಲಿಸುತ್ತೇವೆ ಎಂಬುದು ದೊಡ್ಡ ಪ್ರಶ್ನೆ. ಅದಕ್ಕೆ ಒಂದು ಉತ್ತರವನ್ನು ನಮ್ಮ ಊರಿನಲ್ಲೇ ಹುಡುಕಲಾಗಿತ್ತು. ಪ್ರಪಂಚದ ಭಾಷಾ ಶಿಕ್ಷಕರು ಇಂದಿಗೂ ಅದನ್ನು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತಾರೆ. ನಮ್ಮಲ್ಲಿ ಅದರ ಹೆಸರು ಕೇಳಿದವರು ಕಡಿಮೆ.

ಬೆಂಗಳೂರಿನಲ್ಲಿ ನಡೆದ ಪ್ರಯೋಗ

1950ರ ದಶಕದಿಂದ ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಗ್ಲಿಷನ್ನು ವಾಕ್ಯರಚನೆಯ ಮೆಟ್ಟಿಲುಗಳಾಗಿ ಕಲಿಸುವ ಕ್ರಮ ಬಂತು. ಮೊದಲು 'ದಿಸ್ ಈಸ್ ಎ ಬುಕ್', ಆಮೇಲೆ 'ದೀಸ್ ಆರ್ ಬುಕ್ಸ್'. ಮೇಷ್ಟ್ರು ಹೇಳಬೇಕು, ಮಕ್ಕಳು ಒಟ್ಟಾಗಿ ಒಪ್ಪಿಸಬೇಕು. ಕ್ರಮದಲ್ಲಿ ಶಿಸ್ತಿತ್ತು. ಆದರೆ ತರಗತಿಯಲ್ಲಿ ತಪ್ಪಿಲ್ಲದೆ ಒಪ್ಪಿಸಿದ ಹುಡುಗ ಹೊರಗೆ ಬಂದ ಮೇಲೆ ಅದೇ ವಾಕ್ಯವನ್ನು ಬಳಸಲಾರದೆ ನಿಲ್ಲುತ್ತಿದ್ದ.

ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಈ ಕೊರತೆಯ ಚರ್ಚೆ ನಡೆಯಿತು. ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು ಒಂದು ವಿಚಾರ ಮುಂದಿಟ್ಟರು: ಮಗುವಿನ ಮನಸ್ಸು ವ್ಯಾಕರಣದ ಮೇಲಲ್ಲ, ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ಚೆನ್ನಾಗಿ ಒಳಗಿಳಿಯುತ್ತದೆ. ಇದನ್ನು ಪರೀಕ್ಷಿಸಲು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಪಾಠ ನಡೆಸಲಾಯಿತು. ವ್ಯಾಕರಣದ ಪಟ್ಟಿ ಇರಲಿಲ್ಲ. ಕರಿಹಲಗೆ, ಸೀಮೆಸುಣ್ಣ ಮತ್ತು ಬಿಡಿಸಬೇಕಾದ ಒಂದು ಲೆಕ್ಕ, ಇಷ್ಟೇ. ಈ ಅನುಭವವನ್ನು ಪ್ರಭು ಅವರು 1987ರಲ್ಲಿ ಪುಸ್ತಕವಾಗಿ ತಂದರು.

ಪಾಠ ಹೇಗಿರುತ್ತದೆ?

ನಮ್ಮ ಜಿಲ್ಲೆಯ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಬೆಳಿಗ್ಗೆ 7.15, 8.00 ಮತ್ತು 8.40ಕ್ಕೆ ಬಸ್ಸುಗಳಿವೆ, ಪ್ರಯಾಣ 40 ನಿಮಿಷ ಎಂದು ಮೇಷ್ಟ್ರು ಹಲಗೆಯ ಮೇಲೆ ಬರೆಯುತ್ತಾರೆ. ದೇವನಹಳ್ಳಿ ನಿಲ್ದಾಣದಿಂದ ಶಾಲೆಗೆ 15 ನಿಮಿಷದ ನಡಿಗೆ. ಕ್ರೀಡಾಕೂಟ 9 ಗಂಟೆಗೆ. ಯಾವ ಬಸ್ಸು ಹಿಡಿಯಬೇಕು? ಪ್ರಶ್ನೆ ಪೂರ್ತಿ ಇಂಗ್ಲಿಷಿನಲ್ಲಿ. 8 ಗಂಟೆಯ ಬಸ್ಸು ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. "ಆ ಬಸ್ಸು ಹತ್ತು ನಿಮಿಷ ತಡವಾಗಿ ಹೊರಟರೆ?" ಎಂದು ಮೇಷ್ಟ್ರು ಮುಂದುವರಿಸುತ್ತಾರೆ. ಈಗ 'ಇಫ್' ಬಂತು, 'ಲೇಟ್' ಬಂತು, 'ಬಿಫೋರ್' ಬಂತು. ಯಾರೂ ಅವುಗಳನ್ನು ಪಾಠವೆಂದು ಬಾಯಿಪಾಠ ಮಾಡಲಿಲ್ಲ. ಬಸ್ಸು ತಪ್ಪಬಾರದಲ್ಲ!

ಮೊದಲು ಒಂದು ಲೆಕ್ಕವನ್ನು ಇಡೀ ತರಗತಿಯೊಡನೆ ಬಿಡಿಸಿ, ಅದೇ ಬಗೆಯ ಇನ್ನೊಂದನ್ನು ಒಬ್ಬೊಬ್ಬರಿಗೂ ಕೊಡುವುದು ಈ ಕ್ರಮದ ಪದ್ಧತಿ. ಅಂಕ ಲೆಕ್ಕ ಸರಿಯಾದುದಕ್ಕೆ. ಮಗು ಒಂದೇ ಪದದಲ್ಲಿ ಉತ್ತರಿಸಿದರೂ ಸರಿ, ಕನ್ನಡದ ಪದ ಬಂದರೂ ಗದರಿಕೆಯಿಲ್ಲ. ಮೇಷ್ಟ್ರು ಅದನ್ನೇ ಸರಿಯಾದ ಇಂಗ್ಲಿಷಿನಲ್ಲಿ ತಿರುಗಿ ಹೇಳಿ ಮುಂದೆ ಹೋಗುತ್ತಾರೆ. ತರಗತಿಯ ಅರ್ಧದಷ್ಟು ಮಕ್ಕಳಿಗಾದರೂ ಅರ್ಧದಷ್ಟು ಲೆಕ್ಕವಾದರೂ ಸರಿಬಂದರೆ ಅದು ಹದವಾದ ಪಾಠ. ಅದಕ್ಕೂ ಕಡಿಮೆಯಾದರೆ ಪಾಠವೇ ಕಠಿಣ.

ಕೊನೆಗೆ ಹೊರಗಿನ ತಜ್ಞರು ಪರೀಕ್ಷೆಗಳನ್ನಿಟ್ಟು ನೋಡಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳು ಮುಂದಿದ್ದರು. ಭಾಷೆಯನ್ನು ಬಳಸಬೇಕಾದ ಪರೀಕ್ಷೆಗಳಲ್ಲಿ ಹೊಸ ಕ್ರಮದ ಮಕ್ಕಳು ಮುಂದಿದ್ದರು. ಪ್ರಯೋಗ ಚಿಕ್ಕದು, ಕಲಿಸಿದವರಲ್ಲಿ ಹಲವರು ವಿಶೇಷ ತರಬೇತಿ ಪಡೆದವರು. ಆದ್ದರಿಂದ ಇದನ್ನು ಮಂತ್ರದಂಡವೆಂದು ಹೇಳಲಾರೆ. ಆದರೂ ವಿಜ್ಞಾನ ಓದಿದವನಾಗಿ ಒಂದು ಮಾತು ಹೇಳಬಲ್ಲೆ: ಯಾವುದನ್ನು ಅಭ್ಯಾಸ ಮಾಡಿಸುತ್ತೇವೆಯೋ ಮಕ್ಕಳು ಅದನ್ನೇ ಕಲಿಯುತ್ತಾರೆ. ಒಪ್ಪಿಸುವುದನ್ನು ಅಭ್ಯಾಸ ಮಾಡಿಸಿದರೆ ಒಪ್ಪಿಸುತ್ತಾರೆ.

ಪದ್ಯ ಏಕೆ ಬೇಕು?

"ವ್ಯವಹಾರದ ಇಂಗ್ಲಿಷ್ ಸಾಕು, ಹೈಸ್ಕೂಲಿನ ಮಕ್ಕಳಿಗೆ ಪದ್ಯವೇಕೆ?" ಎನ್ನುವವರಿದ್ದಾರೆ. ಪ್ರಭು ಅವರು ಹೇಳಿದ ಪಾಠಗಳಲ್ಲಿ ಮೂರು ಬಗೆ. ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ತಿಳಿಸುವುದು ಒಂದು. ಬಸ್ಸಿನ ಲೆಕ್ಕದ ಹಾಗೆ ತರ್ಕಿಸುವುದು ಎರಡನೆಯದು. ತನಗೆ ಏನನ್ನಿಸಿತು ಎಂದು ಹೇಳುವುದು ಮೂರನೆಯದು. ಈ ಮೂರನೆಯದಕ್ಕೆ ಕಥೆ, ಪದ್ಯಗಳಿಗಿಂತ ಒಳ್ಳೆಯ ಸಾಮಗ್ರಿ ಬೇರೆಯಿಲ್ಲ. ಅರ್ಧ ಕಥೆ ಓದಿಸಿ ನಿಲ್ಲಿಸಿ. "ಮುಂದೇನಾಗಬಹುದು?" ಎಂದು ಕೇಳಿ. ಹಿಂದಿನ ಬೆಂಚಿನ ಹುಡುಗನೂ ತಲೆ ಎತ್ತುತ್ತಾನೆ. ಆದರೆ ಪದ್ಯದ ಸಾರಾಂಶವನ್ನು ಗೈಡಿನಿಂದ ಬರೆಸಿದರೆ, ಅನ್ನಿಸಿದ್ದನ್ನು ಹೇಳುವ ಆ ಒಂದು ಅವಕಾಶವೂ ಹೋಯಿತು.

ಇಲ್ಲಿ ಕನ್ನಡ ಅಡ್ಡಿಯಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ.ಶ್ರೀಯವರು ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದು 'ಇಂಗ್ಲಿಷ್ ಗೀತಗಳು' ಕೊಟ್ಟರು. ಅದರಿಂದ ಹೊಸಗನ್ನಡ ಕಾವ್ಯಕ್ಕೇ ದಾರಿಯಾಯಿತು. ಒಂದು ಚರಣವನ್ನು ಕನ್ನಡದಲ್ಲಿ ಹೇಳಲು ಯತ್ನಿಸಿದ ಮಗುವಿಗೆ ಆ ಚರಣ ಮರೆಯುವುದಿಲ್ಲ.

ಮನೆಯಲ್ಲಿ ನೀವೇನು ಮಾಡಬಹುದು? ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಗೊಬ್ಬರದ ಚೀಲದ ಮೇಲಿನ ಬರಹ, ಔಷಧದ ಚೀಟಿ, ಬ್ಯಾಂಕಿನ ನಮೂನೆ ಕೊಟ್ಟು "ಇದರಲ್ಲಿ ಏನಿದೆ, ನನಗೆ ಕನ್ನಡದಲ್ಲಿ ಹೇಳು" ಎನ್ನಿ. ಮಗು ತಡವರಿಸಿದರೆ ನಗಬೇಡಿ, ಕಾಯಿರಿ. ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ: ಪರೀಕ್ಷೆಯ ಒತ್ತಡ ನಿಮಗಿದೆ, ಬಲ್ಲೆ. ವಾರದ ಪಾಠಗಳಲ್ಲಿ ಒಂದೇ ಒಂದು ಅವಧಿಯನ್ನು ಗೈಡು ಮುಚ್ಚಿಟ್ಟು ಇಂಥ ಲೆಕ್ಕಕ್ಕೆ, ಇಂಥ ಕಥೆಗೆ ಕೊಡಿ.

ಪಿಯುಸಿಯ ಮೊದಲ ದಿನ ನಮ್ಮ ಹಳ್ಳಿಯ ಹುಡುಗಿ 'ವೆಲಾಸಿಟಿ' ಎಂಬ ಮಾತು ಕೇಳಿ ಹೆದರದೆ, "ಸರ್, ಅಂದರೆ ವೇಗವೇ?" ಎಂದು ಎದ್ದು ಕೇಳಿದರೆ ಸಾಕು. ಮಿಕ್ಕದ್ದನ್ನು ಅವಳೇ ಕಲಿತುಕೊಳ್ಳುತ್ತಾಳೆ.