ಆರುವ ಮುನ್ನ

ಪ್ರಯಾಣದಲ್ಲಿ ಗುಡಿಗೋಪುರಗಳಿಗಿಂತ ಮೊದಲು ನನಗೆ ಕಾಣಬೇಕಾದುದು ಒಂದು ಒಳ್ಳೆಯ ಚಹದ ಅಂಗಡಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ದೇವರು ಸಾವಿರ ವರ್ಷ ಕಾದವನು, ಇನ್ನು ಅರ್ಧ ಗಂಟೆ ಕಾದಾನು; ಒಲೆಯ ಮೇಲೆ ಹಾಲು ಕಾಯುವ ರೀತಿಯೇ ಬೇರೆ.

ಇಂಥ ಅಂಗಡಿಯನ್ನು ಗುರುತಿಸಲು ಮೂರು ಲಕ್ಷಣಗಳುಂಟು. ಬಸ್ಸಿನ ಚಾಲಕ ತನ್ನ ಸ್ವಂತ ದುಡ್ಡು ಕೊಟ್ಟು ಕುಡಿಯುವ ಜಾಗ ಅದಾಗಿರಬೇಕು. ಒಮ್ಮೆ ಸೋಸಿದ ಪುಡಿ ಮತ್ತೆ ಪಾತ್ರೆಗೆ ಬೀಳಬಾರದು. ಹಾಲು ಹತ್ತಿರದ ಹಟ್ಟಿಯಿಂದ ಬಂದಿರಬೇಕು. ಕೋಲಾರದ ಸೀಮೆಯಲ್ಲಿ ಈ ಮೂರನೆಯದು ದುರ್ಲಭವಲ್ಲ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಈ ನೆಲದ ರೈತ ರೇಷ್ಮೆಹುಳುವನ್ನೂ ಹಸುವನ್ನೂ ನಂಬಿ ಬಾಳುವವನು. ಬೆಳಗ್ಗೆ ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರ ಸಾಲನ್ನು ಹಳ್ಳಿಹಳ್ಳಿಯಲ್ಲೂ ಕಾಣಬಹುದು.

ಆದರೆ ಕಳೆದ ಮಾಗಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಕ್ಯಾಲನೂರಿನಲ್ಲಿ ಬಸ್ಸಿಳಿದಾಗ, ಜೊತೆಗಿದ್ದ ನನ್ನ ಸೋದರಮಾವ ಕೇಳಿದ್ದೇ ಬೇರೆ.

"ಟೀ ಜೊತೆಗೆ ಒಂದು ಸ್ಕೋನು ಸಿಕ್ಕೀತೇನೋ?"

ಎಂಬತ್ತು ದಾಟಿದ ಮುದುಕರ ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ.

ಮಾವ ಬೆಳೆದುದು ಕೋಲಾರದ ಚಿನ್ನದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟ ಮೇಲೆ ಬಂಗಲೆ, ಕ್ಲಬ್ಬು, ಹೂದೋಟಗಳೆದ್ದು ಆ ಊರು 'ಲಿಟ್ಲ್ ಇಂಗ್ಲೆಂಡ್' ಎನಿಸಿಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಕೂಲಿಗಳು ನೆಲದೊಳಗೆ ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿಯುತ್ತಿದ್ದರು. ಮೇಲೆ, ಬಂಗಲೆಗಳ ಜಗಲಿಯಲ್ಲಿ, ಸಂಜೆಯ ಚಹ ನಡೆಯುತ್ತಿತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವುದಕ್ಕೆ ಮುಂಚೆ, ಹದಿನೈದರ ಹುಡುಗನಾಗಿದ್ದ ಮಾವ ಅಂಥದೊಂದು ಬಂಗಲೆಯ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

"ಮೈದಾಹಿಟ್ಟಿಗೆ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಉಜ್ಜಬೇಕು. ಬೇಕಿಂಗ್ ಪೌಡರು, ಹಾಲು ಹಾಕಿ ಸುಮ್ಮನೆ ಒಟ್ಟು ಮಾಡಬೇಕು. ಬನ್ನಿನ ಹಿಟ್ಟನ್ನು ನಾದಿದಷ್ಟೂ ಮೆತ್ತಗೆ. ಇದನ್ನು ನಾದಿದೆಯೋ, ಕೆಟ್ಟಿತು! ಕಾದ ಓವನ್ನಿನಲ್ಲಿ ಕಾಲು ಗಂಟೆ. ತೆಗೆದ ಕೂಡಲೇ ಬಿಡಿಸಿ, ಬೆಣ್ಣೆ ಸವರಿ ತಿಂದುಬಿಡಬೇಕು."

ದೊರೆಸಾನಿ ಉಳಿದ ಎರಡು ಸ್ಕೋನುಗಳನ್ನು ಹುಡುಗನಿಗೆ ಕೊಡುತ್ತಿದ್ದಳಂತೆ. ಒಂದನ್ನೂ ಅವನು ತಿನ್ನುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿ ತಾಯಿಗೆಂದು ಒಯ್ಯುತ್ತಿದ್ದ. ಕೆಲಸ ಮುಗಿಸಿ ಕೂಲಿ ಲೈನಿನ ಮನೆ ಸೇರುವ ಹೊತ್ತಿಗೆ ಅವು ಕಲ್ಲಾಗಿರುತ್ತಿದ್ದವು. "ಇದನ್ನೇನೋ ತಿಂತಾರೆ ದೊರೆಗಳು!" ಎಂದು ನನ್ನಜ್ಜಿ ನಗುತ್ತ, ನೀರಿನಲ್ಲಿ ಅದ್ದಿ ತಿನ್ನುತ್ತಿದ್ದಳಂತೆ.

"ಬಿಸಿಯಾಗಿ ಒಂದು ದಿನವೂ ಕೊಡಲಾಗಲಿಲ್ಲ," ಎಂದರು ಮಾವ.

ಬಂಗಲೆಯವರು ಹೋದರು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಗಣಿಯಲ್ಲಿದ್ದ ಮಾವನ ಮಗ ಅಲ್ಲಿಂದ ಮುಂದೆ, ಆ ಊರಿನ ಸಾವಿರಾರು ಜನರಂತೆ, ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳತೊಡಗಿದ. ತಾಟಿನಲ್ಲಿ ಆರಿದ ಊಟವೇ ಅವನ ಪಾಲಿಗೂ ಬಂತು.

ಕ್ಯಾಲನೂರಿನ ಆ ಪುಟ್ಟ ಅಂಗಡಿಯಲ್ಲಿ ಸ್ಕೋನು ಎಲ್ಲಿಂದ ಬರಬೇಕು? ಗಾಜಿನ ಭರಣಿಯಲ್ಲಿ ಬನ್ನುಗಳಿದ್ದವು. ಅಂಗಡಿಯಾಕೆ ಒಂದನ್ನು ಸೀಳಿ, ಬೆಣ್ಣೆ ಸವರಿ, ಕಾವಲಿಯ ಮೇಲೆ ಒತ್ತಿ ಕೆಂಪಗೆ ಕಾಯಿಸಿದಳು. ಆಗತಾನೆ ಕರೆದ ಹಾಲಿನ ಚಹ ಉಕ್ಕಿ ಇಳಿಯಿತು.

"ತಗೊಳ್ಳಿ ತಾತ, ಸುಡ್ತದೆ, ನಿಧಾನ," ಎಂದಳು.

ಮಾವ ಒಂದು ತುತ್ತು ತಿಂದು ಬಹಳ ಹೊತ್ತು ಸುಮ್ಮನಿದ್ದರು.

"ಹೇಗಿದೆ ಮಾವ?"

"ಇದು ಸ್ಕೋನಲ್ಲ."

ಬನ್ನನ್ನು ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ನನ್ನ ಕೈಗಿಟ್ಟರು. ಬೆಣ್ಣೆ ಇನ್ನೂ ಹನಿಯುತ್ತಿತ್ತು.

"ನಿಮ್ಮಜ್ಜಿಯ ಮೊಮ್ಮಗ ನೀನು. ತಿನ್ನು, ಆರುವ ಮುನ್ನ."

ಗೃಹಪ್ರವೇಶದ ಮುಹೂರ್ತಕ್ಕೆ ನಾವು ತಡವಾಗಿ ಹೋದೆವು. ಒಳ್ಳೆಯ ಚಹದ ಜಾಗಕ್ಕೆ ಅಂದಿನಿಂದ ನಾಲ್ಕನೆಯ ಲಕ್ಷಣವೊಂದನ್ನು ಸೇರಿಸಿಕೊಂಡಿದ್ದೇನೆ: ಅಲ್ಲಿಂದ ಯಾವುದನ್ನೂ ಕಾಗದದಲ್ಲಿ ಸುತ್ತಿ ಒಯ್ಯಬಾರದು, ತಿನ್ನಬೇಕಾದವರನ್ನೇ ಅಲ್ಲಿಗೆ ಕರೆದೊಯ್ಯಬೇಕು.