ಅಪ್ಪ-ಅಮ್ಮನಿಗೆ ಹಲ್ಲು ಕಟ್ಟಿಸೋ ಮುಂಚೆ: ಡೆಂಚರ್ ವಿಧಗಳು, ಉಪಯೋಗ, ಮತ್ತೆ ನಾನು ಮಾಡಿದ ಒಂದು ತಪ್ಪು

ಹೋದ ವಾರದ ವಿಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೊಡ್ತಿದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯಾನೂ ಸೇರಿಸಿದ್ದೀನಿ.

ನಾನು ದಂತವೈದ್ಯ. ಪುಣೆಯ ವಾಕಡ್‌ನಲ್ಲಿ ನನ್ನ ಕ್ಲಿನಿಕ್ ಇದೆ. ಓದಿದ್ದು ಪ್ರಾಸ್ಥೊಡಾಂಟಿಕ್ಸ್, ಅಂದ್ರೆ ಹೋದ ಹಲ್ಲಿನ ಜಾಗಕ್ಕೆ ಬೇರೆ ಹಲ್ಲು ಕೂರಿಸೋ ವಿದ್ಯೆ. ಹಿಂಜವಡಿ ಹತ್ತಿರವೇ ಇರೋದ್ರಿಂದ ಬರೋರಲ್ಲಿ ಐಟಿಯವರು ಜಾಸ್ತಿ, ಅದರಲ್ಲೂ ಕನ್ನಡದವರು ಬೋರ್ಡ್ ಮೇಲಿನ ಹೆಸರು ನೋಡೇ ಒಳಗೆ ಬರ್ತಾರೆ. ಅವರಿಂದ ಬರೋ ಫೋನು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ: "ಡಾಕ್ಟ್ರೇ, ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ, 15 ದಿನ ಇರ್ತಾರೆ. ಅಷ್ಟರಲ್ಲಿ ಹಲ್ಲು ಕಟ್ಟಿಸಿಬಿಡೋಣ."

15 ದಿನ ಅಂದ ತಕ್ಷಣ ನನಗೆ ನಮ್ಮಪ್ಪ ನೆನಪಾಗ್ತಾರೆ.

2013ರ ದೀಪಾವಳಿಗೆ ಹತ್ತು ದಿನ ರಜೆ ಹಾಕಿ ಹಾವೇರಿ ಕಡೆಯ ನಮ್ಮೂರಿಗೆ ಹೋಗಿದ್ದೆ. ಅಪ್ಪನ ಬಾಯಲ್ಲಿ ಉಳಿದಿದ್ದ ಕೆಳಗಿನ ನಾಲ್ಕು ಹಲ್ಲು ಅಲ್ಲಾಡ್ತಿದ್ವು ಅಂತ ಅದಕ್ಕೆ ಮೂರು ವಾರ ಮುಂಚೆ ಕೀಳಿಸಿದ್ದಾಗಿತ್ತು. ಕಿತ್ತ ಮೇಲೆ ವಸಡು, ಒಳಗಿನ ಮೂಳೆ ಒಂದು ಹದಕ್ಕೆ ಬರೋಕೆ ಕನಿಷ್ಠ ಆರರಿಂದ ಎಂಟು ವಾರ ಬಿಡಬೇಕು, ಎರಡು ಮೂರು ತಿಂಗಳು ಬಿಟ್ಟರೆ ಇನ್ನೂ ಒಳ್ಳೇದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಆದ್ರೆ ಮಗ ಡಾಕ್ಟ್ರು, ಅಪ್ಪನಿಗೆ ಬೊಚ್ಚುಬಾಯಿ, ಊರವರೆಲ್ಲ ನೋಡ್ತಾರೆ. ಹುಬ್ಬಳ್ಳಿಯ ಲ್ಯಾಬಿಗೆ ಅವಸರ ಮಾಡಿ, ಒಂಬತ್ತನೇ ದಿನಕ್ಕೆ ಮೇಲಿಂದು ಕೆಳಗಿಂದು ಎರಡೂ ಸೆಟ್ ಕೂರಿಸಿ, ಫೋಟೊ ತೆಗೆದು, ರಾತ್ರಿ ಬಸ್ಸಿಗೆ ಪುಣೆಗೆ ಬಂದುಬಿಟ್ಟೆ.

ಮುಂದಿನ ಯುಗಾದಿಗೆ ಹೋದಾಗ ಆ ಸೆಟ್ಟು ಅಪ್ಪನ ಅಂಗಿ ಜೇಬಿನಲ್ಲಿತ್ತು. ಯಾರಾದ್ರೂ ಬಂದ್ರೆ ಹಾಕ್ಕೊಳ್ಳೋರು, ಹೋದ್ರೆ ತೆಗೆದು ಜೇಬಿಗೆ. ಕೆಳಗಿಂದು ಎಡಗಡೆ ಚುಚ್ತಿತ್ತಂತೆ. ನನಗೆ ಹೇಳಿದ್ರೆ ರಜೆ ಹಾಕಿ ಬರ್ತಾನೆ ಅಂತ ಹೇಳಿರಲಿಲ್ಲ. ಬಡಿಗೇರರ ಮನೆಗೆ ಹೋಗಿ ಅರದಿಂದ ಉಜ್ಜಿಸಿಕೊಂಡು ಬಂದಿದ್ರು! ಅಮ್ಮ ಮೆಲ್ಲಗೆ ಹೇಳಿದ್ಲು: ರೊಟ್ಟಿ ಬಿಟ್ಟಿದ್ದಾರೆ, ಎರಡೂ ಹೊತ್ತು ಹಾಲಾಗ ಅನ್ನ ಕಲಿಸಿಕೊಂಡು ಉಣ್ತಾರೆ, ಮದುವಿಗೆ ಹೋದ್ರ ಅಕ್ಷತೆ ಹಾಕಿ ಪಂಕ್ತಿ ಕೂಡ್ರೂದ್ರೊಳಗ ಬಂದುಬಿಡ್ತಾರೆ ಅಂತ. ಆರು ಕಿಲೊ ಇಳಿದಿದ್ರು. ಸಕ್ಕರೆ ಕಾಯಿಲೆ ಬೇರೆ ಇತ್ತು. ಅನ್ನ ಹೆಚ್ಚಾಗಿ, ಕಾಳು ತರಕಾರಿ ಕಮ್ಮಿ ಆಗಿ ಅದೂ ಏರಿತ್ತು.

ಹಲ್ಲು ಅಂದ್ರೆ ಬರೀ ಅಂದಕ್ಕಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನಾನು ಹುಡುಕೋದಿಲ್ಲ. ಈಗ ವಿಷಯಕ್ಕೆ ಬರೋಣ.

ಮೊದಲು ಪೂರ್ತಿ ಸೆಟ್, ಅಂದ್ರೆ ಕಂಪ್ಲೀಟ್ ಡೆಂಚರ್. ಒಂದೂ ಹಲ್ಲಿಲ್ಲದ ದವಡೆಗೆ ಇದು. ಗುಲಾಬಿ ಬಣ್ಣದ ಆಕ್ರಿಲಿಕ್ ಇರುತ್ತಲ್ಲ, 1930ರ ದಶಕದ ಕೊನೆಯಿಂದ ಜಗತ್ತಿನಲ್ಲಿ ಹೆಚ್ಚಾಗಿ ಬಳಸ್ತಿರೋದು ಅದನ್ನೇ. ಮೇಲಿನ ಸೆಟ್ ಅಂಗುಳಕ್ಕೆ ಅಂಟಿ ನಿಲ್ಲುತ್ತೆ. ಅಂಗುಳ ಅಗಲ ಇದೆ, ನಡುವೆ ತೆಳ್ಳಗೆ ಜೊಲ್ಲಿನ ಪದರ ಇದೆ, ಅಂಚಿನಿಂದ ಗಾಳಿ ಒಳಗೆ ಹೋಗದಂತೆ ಮುಚ್ಚಿಕೊಂಡಿದ್ರೆ ಸಾಕು. ಎರಡು ಗಾಜಿನ ತುಂಡಿನ ನಡುವೆ ಒಂದು ಹನಿ ನೀರು ಹಾಕಿ ಒತ್ತಿ ಎಳೆದು ನೋಡಿ, ಅದೇ ತತ್ವ. ಕೆಳಗಿನದಕ್ಕೆ ಈ ಅನುಕೂಲ ಇಲ್ಲ. ಕುದುರೆ ಲಾಳದ ಆಕಾರದ ಸಣ್ಣ ಜಾಗ, ನಡುವೆ ಸುಮ್ಮನಿರದ ನಾಲಿಗೆ, ಸುತ್ತ ಕೆನ್ನೆ ತುಟಿಯ ಸ್ನಾಯು. ಅದಕ್ಕೇ ಹತ್ತರಲ್ಲಿ ಒಂಬತ್ತು ದೂರು ಕೆಳಗಿನ ಸೆಟ್ಟಿನ ಬಗ್ಗೆ ಬರೋದು. ಇದು ಲೆಕ್ಕ ಹಾಕಿದ್ದಲ್ಲ, ನನ್ನ ಅನುಭವದ ಮಾತು.

ಇನ್ನೊಂದು ಕಾರಣ ಮೂಳೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸ ಇಲ್ಲ, ಅದು ಸವೀತಾ ಹೋಗುತ್ತೆ. ಮೊದಲ ಆರು ತಿಂಗಳು, ಒಂದು ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದ್ರೆ ನಿಲ್ಲೋದೇ ಇಲ್ಲ. ಆಂಟ್ಯೆ ಟಾಲ್‌ಗ್ರೆನ್ ಅನ್ನೋ ಸಂಶೋಧಕಿ ಡೆಂಚರ್ ಹಾಕಿದವರನ್ನ 25 ವರ್ಷದ ಅವಧಿಯಲ್ಲಿ ಅಳೆದು ನೋಡಿ 1972ರಲ್ಲಿ ಪ್ರಕಟಿಸಿದ್ರು. ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸರಾಸರಿ ನಾಲ್ಕು ಪಟ್ಟು ಹೆಚ್ಚು ಸವೆದಿತ್ತು. ಅಂದ್ರೆ ಇವತ್ತು ಬಿಗಿಯಾಗಿ ಕೂತ ಸೆಟ್ ಕೆಲವು ವರ್ಷಕ್ಕೆ ಸಡಿಲ ಆಗೇ ಆಗುತ್ತೆ. ಆಗ ಒಳಮೈಗೆ ಹೊಸ ಪದರ ಕೊಡಿಸಬೇಕು, ಇದನ್ನ ರಿಲೈನಿಂಗ್ ಅಂತಾರೆ. ಅದಕ್ಕೂ ಬಗ್ಗದಿದ್ರೆ ಹೊಸ ಸೆಟ್ಟೇ. ಹಲ್ಲು ಕಟ್ಟಿಸೋದನ್ನ ಮನೆ ಕಟ್ಟಿಸಿದ ಹಾಗೆ ಒಂದು ಸಲಕ್ಕೆ ಮುಗೀತು ಅಂದ್ಕೊಂಡಿರ್ತಾರೆ. ಕನ್ನಡಕದ ಹಾಗೆ ಅಂದ್ಕೊಳ್ಳಿ.

ಹಲ್ಲು ಕಿತ್ತ ದಿನವೇ ಕೂರಿಸೋ ಸೆಟ್ಟೂ ಇದೆ, ಇಮ್ಮೀಡಿಯೆಟ್ ಡೆಂಚರ್. ಕೀಳೋ ಮುಂಚೆಯೇ ಅಳತೆ ತಗೊಂಡು ಮಾಡಿಟ್ಟಿರ್ತೀವಿ. ಜನರ ಮುಂದೆ ನಿಲ್ಲೋ ಕೆಲಸ ಇರೋರಿಗೆ ಉಪಯೋಗ. ಆದ್ರೆ ಕೆಲವೇ ತಿಂಗಳಲ್ಲಿ ಸಡಿಲ ಆಗುತ್ತೆ ಅಂತ ಮೊದಲೇ ಒಪ್ಪಿಕೊಂಡು ಹಾಕಿಸ್ಕೋಬೇಕು.

ಕೆಲವು ಹಲ್ಲು ಉಳಿದಿದ್ರೆ ಪಾರ್ಶಿಯಲ್ ಡೆಂಚರ್. ಇದರಲ್ಲಿ ಮೂರು ಥರ. ಅಗ್ಗದ್ದು ಆಕ್ರಿಲಿಕ್, ತಂತಿಯ ಕೊಕ್ಕೆ ಇರೋದು. ಇದು ತಾತ್ಕಾಲಿಕ ಅಂತ ಪುಸ್ತಕ ಹೇಳುತ್ತೆ, ನಮ್ಮ ಜನ 20 ವರ್ಷ ಹಾಕ್ಕೊಂಡು ಪಕ್ಕದ ಹಲ್ಲನ್ನೂ ಕಳ್ಕೊಂಡು ಬರ್ತಾರೆ, ಯಾಕಂದ್ರೆ ಅದರ ಭಾರವೆಲ್ಲ ವಸಡಿನ ಮೇಲೆ ಬೀಳುತ್ತೆ. ಎರಡನೇದು ಕಾಸ್ಟ್ ಪಾರ್ಶಿಯಲ್, ಕೋಬಾಲ್ಟ್-ಕ್ರೋಮಿಯಂ ಲೋಹದ ತೆಳುವಾದ ಚೌಕಟ್ಟು. ಉಳಿದ ಹಲ್ಲಿನ ಮೇಲೆ ಸಣ್ಣ ಆಸರೆ ಇಟ್ಟು ಕೂರೋದ್ರಿಂದ ಭಾರ ಹಲ್ಲಿಗೂ ಹಂಚಿಹೋಗುತ್ತೆ. ಮೂರನೇದು ಫ್ಲೆಕ್ಸಿಬಲ್, ನೈಲಾನ್ ಜಾತಿಯದು. ಲೋಹ ಕಾಣಲ್ಲ, ಬಿದ್ರೆ ಸುಲಭಕ್ಕೆ ಒಡೆಯಲ್ಲ, ಅಂಗಡಿಯ ಸೀರೆ ಥರ ಬಾಗಿಸಿ ತೋರಿಸಿದ್ರೆ ಜನಕ್ಕೆ ಖುಷಿ. ಮುಂದಿನ ಒಂದೆರಡು ಹಲ್ಲಿಗೆ ನಾನೂ ಹಾಕ್ತೀನಿ. ಹಿಂದಿನ ದವಡೆಹಲ್ಲು ಸಾಲಾಗಿ ಹೋಗಿದ್ರೆ ಬೇಡ ಅಂತೀನಿ. ಅಗಿಯುವಾಗ ಅದು ಬಾಗುತ್ತೆ, ಬಾಗಿದಲ್ಲಿ ವಸಡು ಒತ್ತುತ್ತೆ, ರಿಪೇರಿ ಮಾಡೋದೂ ರಿಲೈನ್ ಮಾಡೋದೂ ಕಷ್ಟ. ಬಜೆಟ್ ಇದ್ರೆ ಲೋಹದ್ದನ್ನೇ ಕೇಳಿ.

ಒಂದು ಎಚ್ಚರಿಕೆ. ಒಂದೇ ಹಲ್ಲಿನ, ಕೊಕ್ಕೆ ಸಡಿಲ ಆಗಿರೋ ಸಣ್ಣ ಪಾರ್ಶಿಯಲ್ ಹಾಕಿಕೊಂಡೇ ಮಲಗಬೇಡಿ. ನಿದ್ದೇಲಿ ನುಂಗಿದವರಿದ್ದಾರೆ. ಗಂಟಲಲ್ಲಿ ಸಿಕ್ಕಿಕೊಂಡ್ರೆ ಪ್ರಾಣಕ್ಕೇ ಬರುತ್ತೆ.

ಇನ್ನು ಓವರ್‌ಡೆಂಚರ್. ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಕೂರಿಸಿ, ಪ್ರೆಸ್ ಬಟನ್ ಥರದ ಗುಬ್ಬಿಗೆ ಸೆಟ್ಟನ್ನ ಟಕ್ ಅಂತ ಹಾಕೋದು. ತೆಗೆದು ತೊಳೀಬಹುದು, ಆದ್ರೆ ಮಾತಾಡುವಾಗ ಉಣ್ಣುವಾಗ ಏಳಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕು ಅಂದ್ರು. ನನ್ನ ಅಭಿಪ್ರಾಯವೂ ಅದೇ. ಇಂಪ್ಲಾಂಟ್ ಸುತ್ತಲಿನ ಮೂಳೆಯ ಸವೆತವೂ ಕಮ್ಮಿ. ಖರ್ಚು ಸಾದಾ ಸೆಟ್ಟಿನ ಹಲವು ಪಟ್ಟು. ಸಕ್ಕರೆ ಹತೋಟಿಯಲ್ಲಿರಬೇಕು, ಬೀಡಿ-ಸಿಗರೇಟು ಬಿಡಬೇಕು. ಗಟ್ಟಿಯಾದ ಒಂದೆರಡು ಹಲ್ಲಿನ ಬೇರು ಉಳಿದಿದ್ರೆ ಅವನ್ನ ಕೀಳದೆ ಬೇರುಚಿಕಿತ್ಸೆ ಮಾಡಿಸಿ ಅದರ ಮೇಲೂ ಹೀಗೇ ಸೆಟ್ ಕೂರಿಸಬಹುದು. ಅದಕ್ಕೇ "ಎಲ್ಲಾ ಕಿತ್ತುಬಿಡಿ ಡಾಕ್ಟ್ರೇ, ಒಂದೇ ಸಲ ಸೆಟ್ ಹಾಕಿಸ್ತೀವಿ" ಅನ್ನೋರಿಗೆ ನಾನು ಸ್ವಲ್ಪ ತಡೀರಿ ಅನ್ನೋದು.

ಉಪಯೋಗ ಏನು ಅಂತ ಕೇಳಿದ್ರೆ, ಅಗಿಯೋದು ಒಂದು. ಆದ್ರೆ ಸುಳ್ಳು ಭರವಸೆ ಕೊಡಲ್ಲ: ಪೂರ್ತಿ ಸೆಟ್ಟಿನಲ್ಲಿ ಬರೋ ಕಡಿತದ ಬಲ ಸ್ವಂತ ಹಲ್ಲಿನ ಕಾಲು ಭಾಗದಷ್ಟು, ಎಷ್ಟೋ ಜನಕ್ಕೆ ಅದಕ್ಕಿಂತ ಕಮ್ಮಿ. ಕೋಡುಬಳೆ, ಕಬ್ಬು ಮರೆತುಬಿಡಿ. ಮೆತ್ತನೆ ರೊಟ್ಟಿ, ಬೇಯಿಸಿದ ಕಾಳು, ಪಲ್ಯ ಆಗುತ್ತೆ, ಮತ್ತೆ ಅಪ್ಪನಂಥವರಿಗೆ ಬೇಕಾಗಿದ್ದೂ ಅದೇ. ಎರಡನೇದು ಮಾತು. ತ, ದ, ಸ, ಫ ಅಕ್ಷರಗಳಿಗೆಲ್ಲ ಮುಂದಿನ ಹಲ್ಲು ಬೇಕು. ವಿಡಿಯೊ ಕಾಲ್‌ನಲ್ಲಿ ಅಜ್ಜನ ಮಾತು ಮೊಮ್ಮಗುವಿಗೆ ತಿಳಿಯಲ್ಲ, ಅಜ್ಜ ಮೆಲ್ಲಗೆ ಫೋನನ್ನ ಅಜ್ಜಿ ಕೈಗೆ ಕೊಟ್ಟು ಎದ್ದುಹೋಗ್ತಾರೆ, ನೀವೂ ಗಮನಿಸಿರ್ತೀರಿ. ಮೂರನೇದು ಮುಖ. ಹಲ್ಲಿಲ್ಲದಾಗ ತುಟಿ ಒಳಗೆ ಹೋಗಿ ಗಲ್ಲ ಮೂಗಿನ ಕಡೆ ಏರುತ್ತೆ. ಸರಿಯಾದ ಎತ್ತರದ ಸೆಟ್ ಅದನ್ನ ಮತ್ತೆ ಜಾಗಕ್ಕೆ ತರುತ್ತೆ.

ಈಗ ಆ 15 ದಿನದ ಮಾತು. ಸಾದಾ ಪೂರ್ತಿ ಸೆಟ್ಟಿಗೆ ಐದು ಸಲ ಬರಬೇಕು: ಮೊದಲ ಅಳತೆ, ಅವರವರ ಬಾಯಿಗೇ ಮಾಡಿದ ಟ್ರೇನಲ್ಲಿ ಎರಡನೇ ಅಳತೆ, ಮೇಣದ ಕಟ್ಟೆ ಇಟ್ಟು ಎರಡೂ ದವಡೆ ಎಲ್ಲಿ ಸೇರ್ತವೆ ಅಂತ ನೋಡೋದು, ಮೇಣದಲ್ಲೇ ಹಲ್ಲು ಜೋಡಿಸಿ ಹಾಕಿ ನೋಡೋದು, ಕೊನೆಗೆ ಸೆಟ್ ಕೊಡೋದು. ಅವಸರ ಮಾಡಿದ್ರೆ ಇದು 15 ದಿನದಲ್ಲಿ ಮುಗಿದೀತು. ನಿಜವಾದ ಕೆಲಸ ಶುರುವಾಗೋದೇ ಆಮೇಲೆ. ಮಾರನೇ ದಿನ, ಮತ್ತೆ ಒಂದು ವಾರಕ್ಕೆ, ಚುಚ್ಚೋ ಜಾಗ ಗುರುತಿಸಿ ಕೂದಲೆಳೆಯಷ್ಟು ಉಜ್ಜಬೇಕು. ಬಾಯಿ ಒಗ್ಗೋಕೆ ಆರರಿಂದ ಎಂಟು ವಾರ. ಅಷ್ಟರಲ್ಲಿ ನಿಮ್ಮಪ್ಪ ಅಮ್ಮ ಊರಿಗೆ ಹೋಗಿರ್ತಾರೆ, ಅಲ್ಲಿನ ಡಾಕ್ಟ್ರು ಬೇರೆಯವರು ಮಾಡಿದ ಸೆಟ್ ಮುಟ್ಟೋಕೆ ಹಿಂದೇಟು ಹಾಕ್ತಾರೆ. ಆದ್ದರಿಂದ ಅವರು ವರ್ಷದ ಹೆಚ್ಚು ದಿನ ಎಲ್ಲಿರ್ತಾರೋ ಅಲ್ಲೇ ಮಾಡಿಸಿ. ನನ್ನ ವ್ಯಾಪಾರಕ್ಕೆ ಇದು ನಷ್ಟವೇ, ಇರಲಿ. ಇಲ್ಲೇ ಆಗಬೇಕು ಅಂದ್ರೆ ಮೂರು ತಿಂಗಳು ಉಳಿಸ್ಕೊಳ್ಳಿ.

ಸ್ಕ್ಯಾನ್ ಮಾಡಿ ತ್ರೀಡಿ ಪ್ರಿಂಟ್ ಹಾಕಿದ್ರೆ ಬೇಗ ಆಗಲ್ವಾ ಅಂತ ಹಿಂಜವಡಿಯವರು ತಪ್ಪದೆ ಕೇಳ್ತಾರೆ. ಆಗುತ್ತೆ, ಪ್ರಿಂಟ್ ಮಾಡೋ ಲ್ಯಾಬ್‌ಗಳೂ ಇವೆ. ಆದ್ರೆ ಸ್ಕ್ಯಾನರ್ ನೋಡೋದು ಸುಮ್ಮನಿರೋ ವಸಡನ್ನ. ಕೆನ್ನೆ, ನಾಲಿಗೆ ಆಡುವಾಗ ಸೆಟ್ಟಿನ ಅಂಚು ಎಲ್ಲಿಗೆ ನಿಲ್ಲಬೇಕು ಅನ್ನೋದನ್ನ ಕೈಯಲ್ಲಿ ಅಳತೆ ತಗೊಂಡೇ ತಿಳೀಬೇಕು. ಬೇಗ ಪ್ರಿಂಟಾದ ಮಾತ್ರಕ್ಕೆ ಬಾಯಿ ಬೇಗ ಒಗ್ಗಲ್ಲ.

ದುಡ್ಡಿನ ವಿಷಯ: ಕಂಪನಿ ಕೊಡೋ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನ ಹೆಸರಿದ್ರೂ ಡೆಂಚರ್ ಸಾಮಾನ್ಯವಾಗಿ ಸೇರಿರಲ್ಲ. ಮೊದಲೇ ಪಾಲಿಸಿ ತೆಗೆದು ನೋಡಿ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಸೆಟ್ ಉಚಿತ, ದಂತವೈದ್ಯಕೀಯ ಕಾಲೇಜುಗಳಲ್ಲಿ ಮಾಡಿಕೊಡ್ತಾರೆ. ನಿಮಗೆ ಬೇಡದಿದ್ರೂ ಊರಲ್ಲಿ ಬೇಕಾದವರು ಇರ್ತಾರೆ, ತಿಳಿಸಿ.

ನೋಡ್ಕೊಳ್ಳೋದು ಹೇಗೆ ಅಂದ್ರೆ, ರಾತ್ರಿ ತೆಗೆದು ತಣ್ಣೀರಲ್ಲಿ ಹಾಕಿಡಬೇಕು. ಹಗಲು ರಾತ್ರಿ ಹಾಕಿಕೊಂಡೇ ಇದ್ರೆ ಅಂಗುಳದಲ್ಲಿ ಶಿಲೀಂಧ್ರ ಬೆಳೆದು ಕೆಂಪಾಗುತ್ತೆ. ಟೂತ್‌ಪೇಸ್ಟ್ ಬೇಡ, ಅದು ಆಕ್ರಿಲಿಕ್ಕನ್ನ ಗೀರುತ್ತೆ. ಮೆತ್ತನೆ ಬ್ರಷ್ಷು, ಕೈತೊಳೆಯೋ ಸೋಪು ಸಾಕು. ಬಿಸಿನೀರಿಗೆ ಹಾಕಿದ್ರೆ ಸೊಟ್ಟ ಆಗುತ್ತೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಲಿ, ಕೈಜಾರಿದ್ರೂ ಒಡೆಯಲ್ಲ. ಆಸ್ಪತ್ರೆಗೆ ಸೇರಿದಾಗ ಟಿಶ್ಯೂ ಪೇಪರಲ್ಲಿ ಸುತ್ತಿ ದಿಂಬಿನ ಪಕ್ಕ ಇಡಬೇಡಿ, ಗುಡಿಸೋರು ಕಸ ಅಂತ ಎತ್ತಿಕೊಂಡು ಹೋಗ್ತಾರೆ. ಡಬ್ಬಿಗೆ ಹಾಕಿ ಹೆಸರು ಬರೀರಿ. ಹೊಸದರಲ್ಲಿ ಜೊಲ್ಲು ಜಾಸ್ತಿ ಬರುತ್ತೆ, ಮಾತು ತೊದಲುತ್ತೆ. ದಿನಾ ಅರ್ಧ ಗಂಟೆ ಪೇಪರನ್ನ ಗಟ್ಟಿಯಾಗಿ ಓದೋಕೆ ಹೇಳಿ. ತುತ್ತು ಸಣ್ಣದಾಗಿರಲಿ, ಎರಡೂ ಕಡೆ ಒಟ್ಟಿಗೆ ಅಗೀಬೇಕು, ಮುಂದಿನ ಹಲ್ಲಲ್ಲಿ ಕಚ್ಚಬಾರದು.

ಅಪ್ಪನ ಸೆಟ್ಟನ್ನ 2015ರಲ್ಲಿ ಹೊಸದಾಗಿ ಮಾಡಿಸಿದ್ವಿ. ಮಾಡಿದ್ದು ನಾನಲ್ಲ, ಹುಬ್ಬಳ್ಳಿಯಲ್ಲಿರೋ ನನ್ನ ಕಾಲೇಜಿನ ಜೂನಿಯರ್ ಹುಡುಗಿ. ಸೆಟ್ ಕೊಟ್ಟ ಮೇಲೂ ನಾಲ್ಕು ಸಲ ಬಸ್ ಹತ್ತಿಸಿ ಕರೆಸಿಕೊಂಡಳು, ಅಪ್ಪನೂ ಗೊಣಗದೆ ಹೋದ್ರು. ಕೆಳಗೆ ಎರಡು ಇಂಪ್ಲಾಂಟ್ ಹಾಕಿಸೋಣ ಅಂತ ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ. "ಈ ವಯಸ್ಸಿನ್ಯಾಗ ಬಾಯಾಗ ಸ್ಕ್ರೂ ಹೊಡಿಸ್ಕೊಳ್ಳೂದು ಬ್ಯಾಡೋ ತಮ್ಮಾ" ಅಂದ್ರು. ಮೇಲಿಂದು ಗಟ್ಟಿ ಕೂತಿದೆ, ಕೆಳಗಿಂದು ನಡೆಯುತ್ತೆ ಅಷ್ಟೆ.

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿರ್ತಾರಲ್ಲ, ಒಂದು ಕಾಳು ಕೆಳಗಿನ ಸೆಟ್ಟಿನಡಿ ಸೇರಿ ಅಪ್ಪನ ಮುಖ ಸೊಟ್ಟ ಆಯ್ತು. ಎದ್ದು ಹಿತ್ತಲಿಗೆ ಹೋದ್ರು, ಸೆಟ್ ತೆಗೆದು ತೊಳ್ಕೊಂಡು ಹಾಕ್ಕೊಂಡು ಬಂದು, ಮತ್ತೆ ಅದೇ ತಾಟಿನ ಮುಂದೆ ಕೂತ್ರು. "ಇನ್ನೊಂದು ಅರ್ಧ ಹಾಕು" ಅಂತ ಅಮ್ಮನಿಗೆ ಹೇಳಿದ್ರು.