ದಾರಿ ಹೇಳುವ ಪೆಟ್ಟಿಗೆ

ಸಂಸಾರ ಸಮೇತರಾಗಿ ಕಾರಿನಲ್ಲಿ ಮಲೆನಾಡಿನ ಕಡೆಗೆ ಹೊರಟವರಿಗೆ ಈ ನೋಟ ಅಪರಿಚಿತವೇನೂ ಅಲ್ಲ. ಮೂರು ದಾರಿಗಳು ಕೂಡುವ ಸ್ಥಳ. ಕೈಮರವೊಂದು ನಿಂತಿದೆ, ಆದರೆ ಮಳೆಯೂ ಭಿತ್ತಿಪತ್ರಗಳೂ ಸೇರಿ ಅದರ ಮೇಲಣ ಅಕ್ಷರಗಳನ್ನು ನುಂಗಿಬಿಟ್ಟಿವೆ. ಕಾರು ನಿಲ್ಲುತ್ತದೆ, ಗಾಜು ಕೆಳಗಿಳಿಯುತ್ತದೆ. “ಸ್ವಾಮೀ, ಕಳಸಕ್ಕೆ ಯಾವ ದಾರಿ?” ಎಂದು ಯಜಮಾನರು ಕೇಳುತ್ತಾರೆ. ಅಂಗಡಿಯ ಜಗಲಿಯ ಮೇಲೆ ಕುಳಿತ ವೃದ್ಧರು ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು, “ಹೀಗೇ ನೆಟ್ಟಗೆ ಹೋಗಿ, ಒಂದು ಹಳ್ಳ ಸಿಗುತ್ತದೆ. ದಾಟಿ ಎಡಕ್ಕೆ ತಿರುಗಿ. ಇಲ್ಲೇ, ಒಂದು ಕೂಗಳತೆ” ಎನ್ನುತ್ತಾರೆ. ಆ ಕೂಗಳತೆ ಹದಿನೈದು ಕಿಲೋಮೀಟರು ಆಗುವುದೂ ಉಂಟು. ಆದರೆ ಕಾರು ಹೊರಡುವ ಮುನ್ನ ಅವರು ಇನ್ನೊಂದು ಮಾತನ್ನು ಸೇರಿಸುತ್ತಾರೆ: “ಮೇಲುಗಡೆ ಮಳೆಯಾಗಿದೆ. ಹಳ್ಳದ ನೀರು ಕೆಂಪಗಿದ್ದರೆ ಕಾರು ಇಳಿಸಬೇಡಿ, ಹಿಂದಕ್ಕೆ ಬಂದುಬಿಡಿ.”

ಇಂದು ಗಾಜು ಇಳಿಸಿ ಕೇಳುವ ಪದ್ಧತಿ ಕಡಿಮೆಯಾಗುತ್ತಿದೆ. ಚಾಲಕನ ಎದುರಿಗೆ ಅಂಗೈಯಗಲದ ತೆರೆಯೊಂದು ಬೆಳಗುತ್ತಿರುತ್ತದೆ; ಅದರೊಳಗಿನ ಧ್ವನಿ, ಬೇಕಾದರೆ ಕನ್ನಡದಲ್ಲಿಯೇ, ಎಲ್ಲಿ ತಿರುಗಬೇಕೆಂದು ಹೇಳುತ್ತ ಹೋಗುತ್ತದೆ. ದೂರದ ಲೆಕ್ಕದಲ್ಲಿ ಅದು ಜಗಲಿಯ ವೃದ್ಧರಂತೆ ತಪ್ಪುವುದಿಲ್ಲ. ಹಳ್ಳದ ನೀರಿನ ಬಣ್ಣವೇನೆಂಬುದು ಮಾತ್ರ ಅದಕ್ಕೆ ತಿಳಿಯದು. ಇಂಥ ಯಂತ್ರವನ್ನು ಆರಿಸಿಕೊಳ್ಳುವವರು ಈ ಎರಡು ಮಾತುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ಆಕಾಶದಿಂದ ಬರುವುದೇನು?

1957ರಲ್ಲಿ ಸೋವಿಯತ್ ದೇಶವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದ ವಿಜ್ಞಾನಿಗಳು ಅದರ ರೇಡಿಯೋ ಸದ್ದಿಗೆ ಕಿವಿಗೊಟ್ಟರು. ರೈಲು ಹತ್ತಿರ ಬರುವಾಗ ಅದರ ಸಿಳ್ಳು ಏರಿ, ದೂರ ಸರಿದಾಗ ಇಳಿಯುವಂತೆ, ಆ ಸದ್ದಿನಲ್ಲಿಯೂ ಏರಿಳಿತವಿತ್ತು. ಅದನ್ನು ಅಳೆದು ಅವರು ಉಪಗ್ರಹದ ಹಾದಿಯನ್ನು ಲೆಕ್ಕ ಹಾಕಿದರು. ಅದರ ಬೆನ್ನಿಗೇ ಮತ್ತೊಂದು ಪ್ರಶ್ನೆ ಹುಟ್ಟಿತು: ನೆಲದಲ್ಲಿ ನಿಂತವನಿಗೆ ಉಪಗ್ರಹವೆಲ್ಲಿದೆಯೆಂದು ತಿಳಿಯುವುದಾದರೆ, ಉಪಗ್ರಹದ ನೆರವಿನಿಂದ ನೆಲದವನು ತಾನೆಲ್ಲಿದ್ದೇನೆಂದು ತಿಳಿಯಬಾರದೇಕೆ? ಇಂದಿನ ಯಂತ್ರಗಳ ಬೀಜ ಇದೇ.

ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯ ಮೊದಲ ಉಪಗ್ರಹ ಮೇಲೇರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಸೈನ್ಯದ ಕೆಲಸಕ್ಕೆಂದು ಹುಟ್ಟಿದ ಈ ವಿದ್ಯೆ ಸಾರ್ವಜನಿಕರ ಕೈಗೆ ಬಂದರೂ, ಅವರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸಲಾಗಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಿದರು. ಕಾರಿನಲ್ಲಿ ಇಂಥ ಯಂತ್ರವಿಡುವುದಕ್ಕೆ ನಿಜವಾದ ಅರ್ಥ ಬಂದದ್ದು ಅಂದಿನಿಂದ.

ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಹೇಳುವುದು ಎರಡೇ ಸಂಗತಿ: “ಈಗ ಸಮಯ ಇಷ್ಟು; ನಾನಿರುವುದು ಇಲ್ಲಿ.” ಆ ಮಾತು ನೆಲಕ್ಕೆ ಮುಟ್ಟಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಎಷ್ಟು ಹೊತ್ತಾಯಿತೆಂಬುದರಿಂದ ಕಾರಿನ ಯಂತ್ರವು ದೂರವನ್ನು ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ತಾನಿರುವ ಸ್ಥಳವನ್ನೂ ತನ್ನ ಗಡಿಯಾರದ ತಪ್ಪನ್ನೂ ಒಟ್ಟಿಗೆ ಕಂಡುಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಹೆಚ್ಚುಕಡಿಮೆಯಾದರೆ ದೂರದಲ್ಲಿ 300 ಮೀಟರು ವ್ಯತ್ಯಾಸ! ಆದುದರಿಂದಲೇ ಪ್ರತಿಯೊಂದು ಉಪಗ್ರಹದ ಗರ್ಭದಲ್ಲಿಯೂ ಪರಮಾಣು ಗಡಿಯಾರಗಳು ಮಿಡಿಯುತ್ತಿರುತ್ತವೆ.

ಬಾನುಲಿ ನಿಲಯಕ್ಕೆ ಕೇಳುಗರು ಯಾರೆಂದು ಹೇಗೆ ಗೊತ್ತಿಲ್ಲವೋ ಹಾಗೆಯೇ ಉಪಗ್ರಹಕ್ಕೂ ಕೆಳಗೆ ಓಡುವ ಕಾರು ಯಾರದೆಂದು ಗೊತ್ತಿಲ್ಲ. ಅದು ದಾರಿಯನ್ನು ಹೇಳುವುದೂ ಇಲ್ಲ. ಇದನ್ನು ಕೇಳಲು ಇಂಟರ್‌ನೆಟ್ ಬೇಕಿಲ್ಲ, ತಿಂಗಳ ಬಾಡಿಗೆಯೂ ಇಲ್ಲ. ತೆರೆದ ಆಕಾಶವೊಂದಿದ್ದರೆ ಸಾಕು.

ಭಾರತವೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಏಳು ಉಪಗ್ರಹಗಳ ಸ್ವದೇಶೀ ವ್ಯವಸ್ಥೆಯೊಂದನ್ನು ಯೋಜಿಸಿದ ಇಸ್ರೋ ಸಂಸ್ಥೆ 2013ರಲ್ಲಿ ಮೊದಲನೆಯದನ್ನು ಹಾರಿಸಿತು. 2016ರಲ್ಲಿ ಅದಕ್ಕೆ ‘ನಾವಿಕ್’ ಎಂಬ ಹೆಸರಾಯಿತು. ಇದರ ಸಮಯಪಾಲನೆಯ ಕೇಂದ್ರವಿರುವುದು ಬೆಂಗಳೂರಿಗೆ ಸಮೀಪದ ಬ್ಯಾಲಾಳು ಗ್ರಾಮದಲ್ಲಿ. ಮೊದಮೊದಲ ಉಪಗ್ರಹಗಳ ಕೆಲವು ವಿದೇಶೀ ಗಡಿಯಾರಗಳು ಕೆಟ್ಟವು. 2023ರ ಮೇ ತಿಂಗಳಲ್ಲಿ ಹಾರಿದ ಹೊಸ ಉಪಗ್ರಹದಲ್ಲಿ ಭಾರತದಲ್ಲಿಯೇ ತಯಾರಾದ ಪರಮಾಣು ಗಡಿಯಾರವನ್ನು ಇಡಲಾಯಿತು. ರಷ್ಯ, ಯೂರೋಪು, ಚೀನಗಳಿಗೂ ತಮ್ಮ ತಮ್ಮ ವ್ಯವಸ್ಥೆಗಳುಂಟು. ಕೊಳ್ಳುವವರು ಇಲ್ಲಿ ಗಮನಿಸಬೇಕಾದುದು ಇಷ್ಟೇ: ಒಂದೇ ವ್ಯವಸ್ಥೆಗೆ ಕಿವಿಗೊಡುವ ಯಂತ್ರಕ್ಕಿಂತ ಎರಡು ಮೂರಕ್ಕೆ ಕಿವಿಗೊಡುವ ಯಂತ್ರವು ಉತ್ತಮ. ಎತ್ತರದ ಕಟ್ಟಡಗಳ ನಡುವೆ, ಘಾಟಿಯ ಕಡಿದಾದ ಗೋಡೆಯ ಪಕ್ಕದಲ್ಲಿ, ಆಕಾಶದ ಒಂದು ತುಂಡು ಮಾತ್ರ ಕಾಣುವಾಗ ಇದರ ಬೆಲೆ ಗೊತ್ತಾಗುತ್ತದೆ.

ನಕ್ಷೆಯೇ ಪ್ರಾಣ

ಉಪಗ್ರಹವು ದಾರಿ ಹೇಳುವುದಿಲ್ಲವೆಂದ ಮೇಲೆ ಹೇಳುವವರಾರು? ಯಂತ್ರದೊಳಗಿನ ನಕ್ಷೆ. ಉಪಗ್ರಹದ ಮಾತು ಕ್ಷಣಕ್ಷಣಕ್ಕೂ ಹೊಸದು. ನಕ್ಷೆಯಾದರೋ ಎಂದೋ ಒಂದು ದಿನ ಮನುಷ್ಯರು ಬರೆದದ್ದು. ಆಮೇಲೆ ರಸ್ತೆ ಬದಲಾಗಿರಬಹುದು, ಏಕಮುಖ ಸಂಚಾರ ಬಂದಿರಬಹುದು, ಸೇತುವೆ ಮುರಿದಿರಬಹುದು. ಬಯಲಿನಲ್ಲಿ ಕಾರಿನ ಸ್ಥಾನವನ್ನು ಐದು ಮೀಟರಿನ ಆಸುಪಾಸಿಗೆ ನಿಖರವಾಗಿ ಹೇಳಬಲ್ಲ ಯಂತ್ರವು, ಹಳೆಯ ನಕ್ಷೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ, ಅಷ್ಟೇ ನಿಖರವಾಗಿ ಕಾರನ್ನು ಕೆರೆಯ ದಂಡೆಗೆ ಕರೆದೊಯ್ಯಬಲ್ಲದು.

ಇದು ಬರಿಯ ಮಾತಿನ ಚಮತ್ಕಾರವಲ್ಲ. 2024ರ ನವೆಂಬರ್ ತಿಂಗಳಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ನಡೆದ ದುರಂತ ಇದಕ್ಕೆ ಸಾಕ್ಷಿ. ರಾಮಗಂಗಾ ನದಿಯ ಸೇತುವೆಯೊಂದರ ಒಂದು ಭಾಗ ಪ್ರವಾಹದಲ್ಲಿ ಕುಸಿದುಹೋಗಿತ್ತು. ಆ ಬದಲಾವಣೆ ನಕ್ಷೆಗೆ ಇನ್ನೂ ಮುಟ್ಟಿರಲಿಲ್ಲವೆಂದು ಪೊಲೀಸರು ಹೇಳಿದರು. ನಕ್ಷೆಯನ್ನು ನಂಬಿ ಬಂದ ಕಾರು ಅರ್ಧ ಸೇತುವೆಯ ತುದಿಯಿಂದ ಕೆಳಗುರುಳಿ ಮೂವರು ಪ್ರಾಣ ಕಳೆದುಕೊಂಡರು. ದಾರಿಗೆ ತಡೆಯನ್ನು ಕಟ್ಟದಿದ್ದ ಇಂಜಿನಿಯರರ ಮೇಲೂ ಮೊಕದ್ದಮೆ ಹೂಡಲಾಯಿತು. ತಪ್ಪು ಯಾರದೇ ಆಗಿರಲಿ, ಅಂದು ಉಪಗ್ರಹಗಳು ಸುಳ್ಳು ಹೇಳಿರಲಿಲ್ಲ; ಕಾರು ಸೇತುವೆಯ ಮೇಲಿದೆಯೆಂಬುದು ನಿಜವೇ ಆಗಿತ್ತು. ಮುಂದೆ ಸೇತುವೆಯಿಲ್ಲವೆಂಬುದನ್ನು ಹೇಳುವವರು ಮಾತ್ರ ಇರಲಿಲ್ಲ.

ನಮ್ಮ ನಾಡಿನಲ್ಲಿಯೂ 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಭೂಕುಸಿತದಿಂದಾಗಿ ಮುಚ್ಚಿದ್ದವು. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಹೊರಡುವ ಮುನ್ನ ಇಂಥ ಸಂಗತಿಗಳನ್ನು ಪತ್ರಿಕೆಯಲ್ಲಿಯೋ ಊರಿನವರಲ್ಲಿಯೋ ವಿಚಾರಿಸದೆ ಯಂತ್ರವೇ ಹೇಳೀತೆಂದು ಕೂರುವುದು ಜಾಣತನವಲ್ಲ.

ಮೂರು ಬಗೆಯ ಯಂತ್ರಗಳು

ಕಾರಿಗೆ ಮೊದಲು ಬಂದ ನಕ್ಷಾಯಂತ್ರಕ್ಕೆ ಉಪಗ್ರಹದ ಸಂಬಂಧವೇ ಇರಲಿಲ್ಲ. 1981ರಲ್ಲಿ ಜಪಾನಿನ ಹೋಂಡಾ ಸಂಸ್ಥೆ ತಯಾರಿಸಿದ ಆ ಯಂತ್ರವು ಕಾರು ತಿರುಗಿದ ಕೋನವನ್ನೂ ಓಡಿದ ದೂರವನ್ನೂ ಅಳೆದು, ತೆರೆಯ ಮೇಲಿಟ್ಟ ಪಾರದರ್ಶಕ ನಕ್ಷೆಯಲ್ಲಿ ಸ್ಥಾನವನ್ನು ತೋರಿಸುತ್ತಿತ್ತು. 1990ರಲ್ಲಿ ಅದೇ ದೇಶದ ಮಾಜ್ದಾ ಸಂಸ್ಥೆಯ ಕಾರೊಂದರಲ್ಲಿ ಜಿ.ಪಿ.ಎಸ್. ಸೇರಿಕೊಂಡಿತು. ಇಂದು ಕೊಳ್ಳುವವರ ಮುಂದಿರುವ ಬಗೆಗಳು ಮೂರು.

ಮೊದಲನೆಯದು, ಈ ಕೆಲಸಕ್ಕೆಂದೇ ಮಾಡಿದ ಪ್ರತ್ಯೇಕ ಪೆಟ್ಟಿಗೆ. ಇದರಲ್ಲಿ ನಕ್ಷೆ ಒಳಗೇ ಇರುವುದರಿಂದ ಫೋನಿನ ಸಂಕೇತ ಸಿಗದ ಕಾಡಿನಲ್ಲಿಯೂ ಕೆಲಸ ಮಾಡುತ್ತದೆ. ನಡುವೆ ಕರೆ ಬಂದು ದಾರಿ ಮರೆಯಾಗುವ ಕಾಟವಿಲ್ಲ. ಫೋನುಗಳು ಬಂದ ಮೇಲೆ ಇವುಗಳ ವ್ಯಾಪಾರ ಕುಗ್ಗಿತಾದರೂ, ವರ್ಷಕ್ಕೆ ಹಲವು ಬಾರಿ ದೂರದ ಪ್ರವಾಸ ಮಾಡುವವರಿಗೆ ಇದು ಇಂದಿಗೂ ಒಳ್ಳೆಯ ಸಂಗಾತಿ. ನಕ್ಷೆಯ ನವೀಕರಣ ಎಷ್ಟು ವರ್ಷ ಉಚಿತ, ಆಮೇಲೆ ಎಷ್ಟು ಹಣವೆಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಅಗ್ಗದ ಪೆಟ್ಟಿಗೆಗೆ ನವೀಕರಣವಿಲ್ಲವೆಂದಾದರೆ ಅದು ಅಗ್ಗವಲ್ಲ.

ಎರಡನೆಯದು, ಕಾರಿನ ಜೊತೆಗೇ ಬರುವ ಯಂತ್ರ. ತೆರೆ ದೊಡ್ಡದು, ಕಣ್ಣಿಗೆ ಹಿತ. ಇಂಥವುಗಳಲ್ಲಿ ಹಲವು ಗಾಲಿಯ ವೇಗವನ್ನೂ ಅಳೆಯುವುದರಿಂದ ಸುರಂಗದೊಳಗೆ ಆಕಾಶ ಮರೆಯಾದರೂ ಸ್ವಲ್ಪ ದೂರ ದಾರಿ ತಪ್ಪುವುದಿಲ್ಲ. ಆದರೆ ಕಾರು ಹತ್ತು ವರ್ಷ ಬಾಳುತ್ತದೆ. ಅದರ ನಕ್ಷೆಯನ್ನು ಅಷ್ಟು ಕಾಲ ಹೊಸದಾಗಿಡುವ ಹೊಣೆ ಯಾರದೆಂದು ಮಾರುವವರನ್ನು ಕೇಳಬೇಕು. ಹಲವು ಕಾರುಗಳಲ್ಲಿ ತೆರೆ ಮಾತ್ರ ಕಾರಿನದು, ನಕ್ಷೆ ಫೋನಿನದು. ಎರಡನ್ನೂ ಒಂದೆಂದು ಭ್ರಮಿಸಬಾರದು.

ಮೂರನೆಯದು, ಎಲ್ಲರ ಕಿಸೆಯಲ್ಲಿಯೂ ಇರುವ ಮೊಬೈಲ್ ಫೋನು. ನಗರದೊಳಗೆ ಇದಕ್ಕೆ ಸಮನಾದುದಿಲ್ಲ. ಮುಂದೆ ವಾಹನಗಳ ದಟ್ಟಣೆಯಿದೆಯೆಂಬುದನ್ನು ಆ ಕ್ಷಣದಲ್ಲಿಯೇ ತಿಳಿದು ಬೇರೆ ಬೀದಿಯನ್ನು ಸೂಚಿಸುತ್ತದೆ. ಆದರೆ ಆ ಸುದ್ದಿ ಬರುವುದು ಇಂಟರ್‌ನೆಟ್ ಮೂಲಕ. ಘಾಟಿಯ ತಿರುವಿನಲ್ಲಿ ಸಂಪರ್ಕ ಕಡಿದರೆ ಉಪಗ್ರಹ ಸಿಕ್ಕರೂ ನಕ್ಷೆ ಸಿಗದೆ, ಖಾಲಿ ಹಾಳೆಯ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ ಉಳಿದೀತು. ಆದುದರಿಂದ ಹೋಗಬೇಕಾದ ಪ್ರದೇಶದ ನಕ್ಷೆಯನ್ನು ಮನೆಯಲ್ಲಿರುವಾಗಲೇ ಫೋನಿನೊಳಗೆ ಇಳಿಸಿಕೊಳ್ಳಬೇಕು. ಬಿಸಿಲಿಗೆ ಗಾಜಿನ ಬಳಿ ಫೋನು ಕಾದು ನಿಂತುಹೋಗುವುದೂ ಉಂಟು. ನೆರಳಿನ ಜಾಗವೂ ಕಾರಿನಿಂದಲೇ ವಿದ್ಯುತ್ ಕೊಡುವ ತಂತಿಯೂ ಇರಲಿ.

ಮಧ್ಯಮ ವರ್ಗದ ಸಂಸಾರಕ್ಕೆ ಒಟ್ಟಿನಲ್ಲಿ ಹೇಳುವುದಾದರೆ, ಕಾರು ಹೆಚ್ಚಾಗಿ ಊರಿನೊಳಗೇ ಓಡುವುದಾದರೆ ಫೋನೂ ಅದನ್ನು ಹಿಡಿದಿಡುವ ಭದ್ರವಾದ ಆಸರೆಯೂ ಸಾಕು. ಕಾಡು ಬೆಟ್ಟಗಳ ಕಡೆ ಪದೇ ಪದೇ ಹೋಗುವುದಿದ್ದರೆ, ನಕ್ಷೆಯನ್ನು ಒಡಲಲ್ಲಿಯೇ ಹೊತ್ತ ಯಂತ್ರಕ್ಕೆ ಹಣ ಹಾಕುವುದು ವ್ಯರ್ಥವಾಗದು.

ಪರೀಕ್ಷೆ ಹೇಗೆ?

ಬಾಳೆಹಣ್ಣು ಕೊಳ್ಳುವಾಗಲೂ ಚಿಪ್ಪನ್ನು ತಿರುಗಿಸಿ ನೋಡುವ ಗೃಹಿಣಿಯರು ಈ ವಿಷಯದಲ್ಲಿಯೂ ಗಂಡಸರಿಗೆ ಗುರುಗಳಾಗಬಹುದು. ಪರಸ್ಥಳದ ಅಂದವಾದ ನಕ್ಷೆಯನ್ನು ಅಂಗಡಿಯವರು ತೋರಿಸಿದರೆ ಪ್ರಯೋಜನವಿಲ್ಲ. ಚೆನ್ನಾಗಿ ಬಲ್ಲ ಸ್ಥಳವನ್ನೇ ತೋರಿಸಬೇಕೆಂದು ಕೇಳಬೇಕು. ತವರೂರಿನ ರಸ್ತೆ ಅದರಲ್ಲಿದೆಯೆ? ಮನೆಯ ಹಿಂದಿನ ಗಲ್ಲಿಯಲ್ಲಿ ಕಾರು ಹೋಗದೆಂಬುದು ಅದಕ್ಕೆ ಗೊತ್ತೆ? ಊರಿನ ಹೆಸರನ್ನು ಕನ್ನಡದಲ್ಲಿ ಹೇಳಿದರೆ ಅರ್ಥವಾಗುತ್ತದೆಯೆ? ಇಂಟರ್‌ನೆಟ್ ಸಂಪರ್ಕವನ್ನು ನಿಲ್ಲಿಸಿದ ಮೇಲೂ ದಾರಿ ಹೇಳುತ್ತದೆಯೆ? ಮಧ್ಯಾಹ್ನದ ಬಿಸಿಲಿನಲ್ಲಿ ತೆರೆ ಕಾಣುತ್ತದೆಯೆ?

ಬೆಂಗಳೂರಿನವರಿಗೆ ಇನ್ನೊಂದು ಪರೀಕ್ಷೆಯುಂಟು. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗ ಕೆಳಗೊಂದು ರಸ್ತೆ, ಅದರ ನೆತ್ತಿಯ ಮೇಲೊಂದು ರಸ್ತೆ. ನಕ್ಷೆಯಲ್ಲಿ ಎರಡೂ ಒಂದರ ಮೇಲೊಂದು. ಉಪಗ್ರಹದ ಲೆಕ್ಕವು ಎತ್ತರದ ವಿಷಯದಲ್ಲಿ ಅಷ್ಟು ಚುರುಕಲ್ಲದ ಕಾರಣ ಕಾರು ಮೇಲಿದೆಯೋ ಕೆಳಗಿದೆಯೋ ಎಂದು ಯಂತ್ರವು ತಬ್ಬಿಬ್ಬಾಗುವುದು ಸಹಜ. ಮೇಲೇರಿದವರು ಬೇಕಾದಲ್ಲಿ ಇಳಿಯುವಂತೆಯೂ ಇಲ್ಲ. ಮೇಲ್ಸೇತುವೆಗೆ ಹತ್ತಬೇಕೋ ಬೇಡವೋ ಎಂಬುದನ್ನು ಮುಂಚಿತವಾಗಿಯೇ ಸ್ಪಷ್ಟವಾಗಿ ಹೇಳುವ ಯಂತ್ರವೇ ಲೇಸು.

ಕಾನೂನನ್ನೂ ಮರೆಯಬಾರದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಚಾಲಕನು ಕೈಫೋನನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ, ಬಳಸಬಹುದು. ಹೋಗುವ ಸ್ಥಳವನ್ನು ಕಾರು ಹೊರಡುವ ಮುನ್ನವೇ ನಮೂದಿಸಬೇಕು. ನಡುವೆ ಬದಲಿಸುವುದಿದ್ದರೆ ಆ ಕೆಲಸವನ್ನು ಪಕ್ಕದಲ್ಲಿ ಕುಳಿತವರು ಮಾಡಲಿ. ಕಣ್ಣು ರಸ್ತೆಯ ಮೇಲೆ, ಕಿವಿ ಯಂತ್ರದ ಮೇಲೆ ಇರುವುದೇ ಸರಿಯಾದ ಕ್ರಮ. ಯಂತ್ರದ ಆಸರೆಯು ಎದುರಿನ ನೋಟವನ್ನು ಮರೆಮಾಡಬಾರದು.

ಇಷ್ಟೆಲ್ಲ ನೋಡಿ ಆರಿಸಿ ತಂದ ಯಂತ್ರವು ಮನೆಗೆ ಉಪಕಾರಿಯೇ ಆಗುತ್ತದೆ. ಅಪರಾತ್ರಿಯಲ್ಲಿ ಅಪರಿಚಿತ ಊರಿನಲ್ಲಿ ಆಸ್ಪತ್ರೆಯನ್ನು ಹುಡುಕಬೇಕಾಗಿ ಬಂದವರಿಗೆ ಅದರ ಬೆಲೆ ತಿಳಿದಿದೆ. ಆದರೆ ಯಂತ್ರ ತೋರಿದ ದಾರಿ ಇದ್ದಕ್ಕಿದ್ದಂತೆ ಕಿರಿದಾದರೆ, ಎದುರು ವಾಹನವೇ ಬಾರದಿದ್ದರೆ, ಮುಂದಿನ ನೆಲ ದೀಪದ ಬೆಳಕಿಗೆ ಕಾಣದಿದ್ದರೆ, ಅಲ್ಲಿ ಕಾರನ್ನು ನಿಲ್ಲಿಸುವುದು ಚಾಲಕನ ಕೆಲಸ. ಅಂಥ ಹೊತ್ತಿನಲ್ಲಿ ಹತ್ತಿರ ಒಂದು ಜಗಲಿಯೂ ಅದರ ಮೇಲೊಬ್ಬ ಹಿರಿಯರೂ ಕಂಡುಬಂದರೆ ಗಾಜು ಇಳಿಸಿ ಕೇಳಲು ಸಂಕೋಚಪಡಬಾರದು. ದೂರವೆಷ್ಟೆಂಬುದನ್ನು ಪೆಟ್ಟಿಗೆ ಹೇಳೀತು. ಹಳ್ಳದ ನೀರು ಕೆಂಪಗಿದೆಯೆಂಬುದನ್ನು ಅವರೇ ಹೇಳಬೇಕು.